ಹೆರಿಗೆಗೊಂದು ಹಲ್ಲು ಹೋಗಬೇಕಿಲ್ಲ

ಹೊಟ್ಟೆಯಲ್ಲಿರುವ ಕೂಸು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ, ಅದಕ್ಕೇ ಹೆರಿಗೆಗೊಂದು ಹಲ್ಲು ಹೋಗುತ್ತದೆ ಎಂದು ನಂಬಿದವರು ಈಗಲೂ ಇದ್ದಾರೆ. ಇದು ನಿಜವಲ್ಲ. ಕೂಸಿಗೆ ಬೇಕಾದದ್ದು ತಾಯಿ ಉಣ್ಣುವ ರಾಗಿ, ಹಾಲು, ಸೊಪ್ಪಿನಿಂದ ಸಿಗುತ್ತದೆ. ಸಾಲದೆ ಬಂದರೆ ಅವಳ ಮೂಳೆಯಿಂದ, ಹಲ್ಲಿನಿಂದಂತೂ ಅಲ್ಲ.

ಹಾಗಾದರೆ ಬಸುರಿಯರ ಬಾಯಿ ಕೆಡುವುದೇಕೆ? ಮುಖ್ಯವಾಗಿ ವಸಡಿನಿಂದ. ಪ್ರೊಜೆಸ್ಟರಾನ್, ಈಸ್ಟ್ರೋಜನ್ ಏರಿದಾಗ ಹಲ್ಲಿನ ಬುಡದಲ್ಲಿ ಕೂತ ಪಾಚಿಗೆ ವಸಡು ಮೊದಲಿಗಿಂತ ಬೇಗ ಕೆರಳುತ್ತದೆ. ಎರಡನೇ ತಿಂಗಳ ಹೊತ್ತಿಗೆ ಶುರುವಾಗಿ ಎಂಟನೇ ತಿಂಗಳವರೆಗೂ ಹೆಚ್ಚುತ್ತ ಹೋಗಬಹುದು. ಉಗುಳಿನಲ್ಲಿ ರಕ್ತ ಕಂಡದ್ದೇ ತಡ, ಎಷ್ಟೋ ಹೆಣ್ಣುಮಕ್ಕಳು ಹೆದರಿ ಬ್ರಷ್ ಬಿಟ್ಟುಬಿಡುತ್ತಾರೆ. ನನಗೆ ತುಂಬ ಸಂಕಟವಾಗುವುದು ಇಲ್ಲಿಯೇ. ರಕ್ತ ಬರುವುದು ಪಾಚಿ ಉಳಿದದ್ದಕ್ಕೆ. ಉಜ್ಜುವುದನ್ನು ಬಿಟ್ಟರೆ ಅದು ಇನ್ನಷ್ಟು ಬೆಳೆಯುತ್ತದೆ. ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ಮಲಗುವ ಮುಂಚೆ. ಹಲ್ಲುನೋವಿಗೆಂದು ಮಿಶ್ರಿ ತಿಕ್ಕುವುದು ಬೇಡವೇ ಬೇಡ. ಅದು ಹುರಿದ ತಂಬಾಕು, ಅದರ ನಿಕೋಟಿನ್ ಕೂಸಿನವರೆಗೂ ಹೋಗುತ್ತದೆ.

ವಾಂತಿಯಾದ ತಕ್ಷಣ ಹಲ್ಲುಜ್ಜುವುದೂ ತಪ್ಪೇ. ಹೊಟ್ಟೆಯ ಆಮ್ಲ ತಾಗಿ ಮೆದುವಾದ ಹಲ್ಲಿನ ಮೇಲ್ಪದರ ಬ್ರಷ್ಷಿಗೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಿ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವ ಮಾತು ಒಂದಿದೆ: 'ಹೆರಿಗೆ ಆಗಲಿ, ಆಮೇಲೆ ತೋರಿಸಿದರಾಯಿತು.' ಬಾಣಂತನದಲ್ಲಿ ಆ 'ಆಮೇಲೆ' ಬರುವುದೇ ಇಲ್ಲ. ಹುಳುಕು ತುಂಬಿಸುವುದು, ಹಲ್ಲು ಕೀಳುವುದು, ಬೇರಿನ ಚಿಕಿತ್ಸೆ ಎಲ್ಲವನ್ನೂ ಗರ್ಭಿಣಿಗೆ ಮಾಡಬಹುದು. ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ನಿಗೂ ಅಡ್ಡಿಯಿಲ್ಲ. ಅಗತ್ಯ ಬಿದ್ದರೆ ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಎಕ್ಸ್-ರೇ ಕೂಡ ತೆಗೆಯಬಹುದು. ನಿಧಾನಿಸಬಹುದಾದ ಕೆಲಸಕ್ಕೆ 14ರಿಂದ 20ನೇ ವಾರ ಅನುಕೂಲ. ಕೀವು, ಊತ, ತಡೆಯಲಾರದ ನೋವು ಇದ್ದರೆ ಯಾವ ತಿಂಗಳಾದರೂ ಕಾಯಬಾರದು. ಅಪಾಯವಿರುವುದು ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ಮಾತ್ರೆಯಲ್ಲಿ. ಟೆಟ್ರಾಸೈಕ್ಲಿನ್ ಕೂಸಿನ ಹಲ್ಲಿಗೆ ಮಾಸದ ಕಲೆ ತರುತ್ತದೆ. 20 ವಾರ ದಾಟಿದ ಮೇಲೆ ಐಬುಪ್ರೊಫೇನ್ ಕೂಡದು.

ಹಲ್ಲಿನ ಡಾಕ್ಟರಲ್ಲಿಗೆ ಹೋಗುವಾಗ ತಾಯಿ ಕಾರ್ಡನ್ನೂ ಒಯ್ಯಿರಿ, ಎಷ್ಟನೇ ತಿಂಗಳೆಂದು ಮೊದಲೇ ಹೇಳಿ. ದಿನ ತುಂಬುತ್ತ ಬಂದಿದ್ದರೆ ಕುರ್ಚಿಯಲ್ಲಿ ಅಂಗಾತ ಮಲಗಿದಾಗ ತಲೆ ಸುತ್ತಬಹುದು. ಬಲಸೊಂಟದ ಕೆಳಗೊಂದು ದಿಂಬು ಕೇಳಿ, ಸ್ವಲ್ಪ ಎಡಕ್ಕೆ ವಾಲಿಕೊಳ್ಳಿ.