ಹೆಣ್ಣುಮಕ್ಕಳ ಶಾಲೆ, ಗಂಡಸರ ಅಧಿಕಾರ

ಅರಬ್ಬೀ ನಾಡುಗಳ ಮಹಿಳೆಯರು ವಿದ್ಯಾಧಿಕಾರದ ಪೀಠಗಳಿಗೆ ಏರುವುದು ತಡವಾದುದಕ್ಕೆ ಅಲ್ಲಿಯ ಆಚಾರವೇ ಕಾರಣವೆಂದು ಹೇಳುವುದು ವಾಡಿಕೆ. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ.

ಈಜಿಪ್ತ ದೇಶದ ನಬವಿಯಾ ಮೂಸಾ ಅವರ ಚರಿತ್ರವನ್ನು ವಾಚಕರು ಗಮನಿಸಬೇಕು. ಪುರುಷ ಉಪಾಧ್ಯಾಯರ ಅರ್ಧ ಸಂಬಳ ಮಾತ್ರ ತಮಗೇಕೆಂದು ಈಕೆ ಕೇಳಲು, ಅವರು ಮಾಧ್ಯಮಿಕ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರೆಂಬ ಉತ್ತರ ಬಂದಿತು. 1907ರಲ್ಲಿ ಈಕೆಯೂ ಅದೇ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು; ಆ ದೇಶದ ಸ್ತ್ರೀಯರಲ್ಲಿ ಇವರೇ ಮೊದಲಿಗರು. ಮುಂದೆ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾದರು. ಆಚಾರವನ್ನೇ ತಮ್ಮ ವಾದಕ್ಕೆ ಆಧಾರವಾಗಿ ಹಿಡಿದರು: ಪರಪುರುಷರ ಮುಂದೆ ಕುಳಿತು ಕಲಿಯುವುದು ಹೆಣ್ಣುಮಕ್ಕಳಿಗೆ ತಕ್ಕುದಲ್ಲವಾದರೆ, ಅವರಿಗೆ ಕಲಿಸುವವರು ಸ್ತ್ರೀಯರೇ ಆಗತಕ್ಕದ್ದಲ್ಲವೇ? ವಿದ್ಯಾ ಇಲಾಖೆಯನ್ನು ಟೀಕಿಸಿದುದರ ಫಲವಾಗಿ 1926ರಲ್ಲಿ ಕೆಲಸ ಕಳೆದುಕೊಂಡರು. ಆದರೂ ಎದೆಗುಂದದೆ ಸ್ವಂತ ಶಾಲೆಗಳನ್ನು ನಡೆಸಿದರು.

ಸೌದಿ ಅರೇಬಿಯದಲ್ಲಿ ಈ ವಾದವು ಅರ್ಧ ದಾರಿಯಲ್ಲಿಯೇ ನಿಂತಿತು. 1960ರಲ್ಲಿ ಅಲ್ಲಿಯ ಸರಕಾರವು ಬಾಲಿಕಾ ಶಾಲೆಗಳನ್ನು ತೆರೆಯಿತು. ಶಾಲೆಯೊಳಗೆ ಸ್ತ್ರೀಯರು ಕಲಿಸುತ್ತಿದ್ದರು, ಶಾಲೆಯನ್ನು ನಡೆಸುತ್ತಿದ್ದರು. ಅವರನ್ನು ಆಳುವ ಇಲಾಖೆ ಮಾತ್ರ 2002ರ ವರೆಗೆ ಪುರುಷ ಧರ್ಮಪಂಡಿತರ ಕೈಯಲ್ಲಿದ್ದಿತು. ಬಾಲಿಕಾ ಶಿಕ್ಷಣಕ್ಕೆ ನೂರಾ ಅಲ್‌ಫಾಯೆಜ್ ಎಂಬ ಮಹಿಳೆ ಉಪಮಂತ್ರಿಯಾದುದು 2009ರಲ್ಲಿ.

ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕೆಂದಿತು ಆಚಾರ. ಅದರ ಅಧಿಕಾರ ಗಂಡಸರಿಗೆ ಸೇರಬೇಕೆಂದವರು ಅಧಿಕಾರಸ್ಥರು. ಆದುದರಿಂದ, ಆಚಾರದ ಹೆಸರೆತ್ತಿ ಸ್ತ್ರೀಯರನ್ನು ತಡೆಯುವವರನ್ನು, ಅದು ಯಾರ ಪೀಠವನ್ನು ಕಾಯುತ್ತಿದೆಯೆಂದು ಮೊದಲು ಕೇಳುವುದು ಲೇಸು.