ಹಂದಿಮರಿ ರಕ್ತಕ್ಕೂ ಮಕ್ಕಳ ಮೆದುಳು ಜ್ವರಕ್ಕೂ ಏನು ಸಂಬಂಧ?

ಊರಲ್ಲಿ ಯಾರಿಗೂ ಜ್ವರ ಇಲ್ಲ. ಆದ್ರೂ ಪಶು ವೈದ್ಯರು ಬಂದು ಹಂದಿಗಳ ರಕ್ತ ತೆಗೀತಾರೆ, ಆರೋಗ್ಯ ಸಿಬ್ಬಂದಿ ಸಂಜೆ ಹೊತ್ತು ಕೊಟ್ಟಿಗೆಯಲ್ಲಿ ಸೊಳ್ಳೆ ಹಿಡೀತಾರೆ. ‘ಇವರಿಗೆ ಬೇರೆ ಕೆಲಸ ಇಲ್ವಾ’ ಅನ್ನಿಸೋದು ಸಹಜ.

ಅವರು ಹುಡುಕೋದು ಜಪಾನೀಸ್ ಎನ್‌ಸೆಫಲೈಟಿಸ್, ಅಂದ್ರೆ ಜೆಇ ಮೆದುಳು ಜ್ವರದ ವೈರಸ್ಸನ್ನು. ಕೋಲಾರ, ಮಂಡ್ಯ, ಬಳ್ಳಾರಿ ಕಡೆಯವರಿಗೆ ಈ ಹೆಸರು ಹೊಸದಲ್ಲ.

ಬೆಳ್ಳಕ್ಕಿ, ಕೊಕ್ಕರೆಯಂಥ ನೀರಹಕ್ಕಿಗಳಲ್ಲಿ ಈ ವೈರಸ್ ಇರುತ್ತೆ. ಭತ್ತದ ಗದ್ದೆ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹಂದಿಗೆ ದಾಟಿಸುತ್ತೆ. ಹಂದಿಯ ರಕ್ತದಲ್ಲಿ ವೈರಸ್ ಕೆಲವೇ ದಿನದಲ್ಲಿ ಸಿಕ್ಕಾಪಟ್ಟೆ ಹೆಚ್ಚುತ್ತೆ, ಆದ್ರೆ ಹಂದಿ ಸಾಮಾನ್ಯವಾಗಿ ಆರಾಮಾಗೇ ಓಡಾಡ್ಕೊಂಡಿರುತ್ತೆ. (ಗಬ್ಬದ ಹಂದಿ ಸತ್ತ ಮರಿ ಹಾಕಿದ್ರೆ ಮಾತ್ರ ಅನುಮಾನ ಪಡಬೇಕು.) ಅದನ್ನು ಕಚ್ಚಿದ ಸೊಳ್ಳೆ ರಾತ್ರಿ ನಮ್ಮ ಮಕ್ಕಳನ್ನೂ ಕಚ್ಚುತ್ತೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ.

ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗಷ್ಟೇ ಕಾಯಿಲೆ ತೀವ್ರವಾಗುತ್ತೆ. ಅಂದ್ರೆ ಒಂದು ಮಗು ಆಸ್ಪತ್ರೆ ಸೇರೋ ಹೊತ್ತಿಗೆ ವೈರಸ್ ಸುತ್ತಮುತ್ತ ಎಷ್ಟೋ ಜನರನ್ನು ಮುಟ್ಟಿರುತ್ತೆ. ಮೆದುಳು ಜ್ವರ ಬಂದ ಹತ್ತು ಜನರಲ್ಲಿ ಮೂವರವರೆಗೆ ಸಾಯಬಹುದು, ಬದುಕಿದವರಲ್ಲೂ ಹಲವರಿಗೆ ಫಿಟ್ಸ್, ಕೈಕಾಲು ಸ್ವಾಧೀನ ಇಲ್ಲದಿರುವ ತೊಂದರೆ ಉಳೀತದೆ. ಇದಕ್ಕೆ ಅಂತಲೇ ಔಷಧಿಯೂ ಇಲ್ಲ. ಅದಕ್ಕೇ ಮೊದಲೇ ಸುಳಿವು ಬೇಕು.

ಆ ಸುಳಿವು ಕೊಡೋದು ಹಂದಿಮರಿ. ದೊಡ್ಡ ಹಂದಿಗೆ ಸೋಂಕು ಯಾವ ವರ್ಷ ತಗುಲಿತ್ತೋ ಹೇಳಕ್ಕಾಗಲ್ಲ. ಕೆಲವು ತಿಂಗಳ ಮರಿಯ ರಕ್ತದಲ್ಲಿ ಹೊಸದಾಗಿ ಪ್ರತಿಕಾಯ ಕಂಡ್ರೆ, ವೈರಸ್ ಈ ಹಂಗಾಮಿನಲ್ಲೇ ಇಲ್ಲಿ ಓಡಾಡಿದೆ ಅಂತ ಅರ್ಥ.

ಸೊಳ್ಳೆ ಪರೀಕ್ಷೆಯೂ ಹಾಗೇ. 2023ರಲ್ಲಿ ಶಿಡ್ಲಘಟ್ಟ ತಾಲೂಕಿನ ತಲಕಾಯಲಬೆಟ್ಟದ ಸೊಳ್ಳೆ ಮಾದರಿಯಲ್ಲಿ ಜೀಕಾ ವೈರಸ್ ಸಿಕ್ಕಿತು. ಆಮೇಲೆ ಗರ್ಭಿಣಿಯರ, ಜ್ವರ ಇದ್ದವರ ರಕ್ತ ಪರೀಕ್ಷೆಯಾಯ್ತು, ಯಾರಲ್ಲೂ ಕಾಣಲಿಲ್ಲ.

ಹಂದಿ ಸಾಕೋರು ಹೆದರಿ ಮರಿಗಳನ್ನು ಬಚ್ಚಿಟ್ರೆ ನಷ್ಟ ಇಡೀ ಊರಿಗೆ. ಚೆನ್ನಾಗಿ ಬೇಯಿಸಿದ ಹಂದಿ ಮಾಂಸದಿಂದ ಜೆಇ ಬರಲ್ಲ, ಅಂಗಡಿಯವರ ವ್ಯಾಪಾರಕ್ಕೆ ಕಲ್ಲು ಹಾಕೋ ಸುದ್ದಿ ನಂಬಬೇಡಿ.

ಜ್ವರದ ಜೊತೆ ಮಂಪರು, ಫಿಟ್ಸ್, ತೊದಲು ಮಾತು ಕಂಡ್ರೆ ಮೆಡಿಕಲ್ ಶಾಪ್ ಮಾತ್ರೆಯಲ್ಲಿ ಕಾಲ ಕಳೀದೆ ಆಸ್ಪತ್ರೆಗೆ ಹೋಗಿ. ಜೆಇ ಲಸಿಕೆ ಕಾರ್ಯಕ್ರಮ ಇರುವ ಜಿಲ್ಲೆಗಳಲ್ಲಿ 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಉಚಿತ. ತಾಯಿ ಕಾರ್ಡ್ ತೆಗೆದು ನೋಡಿ, ಎರಡನೇದು ಬಿಟ್ಟುಹೋಗಿದ್ರೆ ಆಶಾ ಕಾರ್ಯಕರ್ತೆಯನ್ನು ಕೇಳಿ.