ಗೋಪುರ ತಲೆಕೆಳಗಾಯಿತು! ಮುಂದೇನು ಕಂಡಿತು ಗೊತ್ತೇ?

ಒಂದು ಕತ್ತಲ ಕೋಣೆ. ಎದುರಿಗೆ ಬರೀ ಗೋಡೆ. ಅದರ ಮೇಲೊಂದು ಗೋಪುರ ನಿಂತಿದೆ. ಅಲ್ಲ, ನಿಂತಿಲ್ಲ, ನೇತಾಡುತ್ತಿದೆ! ಕಳಸ ಕೆಳಗೆ, ಬುಡ ಮೇಲೆ!

ಇದನ್ನು ಮೂಡಿಸಿದ್ದು ಏನು? ಊಹಿಸಿ ನೋಡೋಣ. ಪ್ರೊಜೆಕ್ಟರಾ? ಇಲ್ಲ. ಕನ್ನಡಿಯಾ? ಅದೂ ಇಲ್ಲ. ಮಸೂರ? ಊಹೂಂ!

ಒಮ್ಮೆ ಹಿಂದಕ್ಕೆ ತಿರುಗಿ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಅಷ್ಟೇ! ಗೋಪುರದ ತುದಿಯಿಂದ ಬಂದ ಬೆಳಕು ಅದರಲ್ಲಿ ನುಸುಳಿ ಗೋಡೆಯ ಕೆಳಕ್ಕೆ ಬೀಳುತ್ತದೆ, ಬುಡದ ಬೆಳಕು ಮೇಲಕ್ಕೆ. ಬೆಳಕು ನೇರ ಗೆರೆಯಲ್ಲೇ ಸಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ! ಕಿಂಡಿಗೆ ಅಂಗೈ ಅಡ್ಡ ಹಿಡಿಯಿರಿ, ಗೋಪುರ ಮಾಯ. ಕೈ ತೆಗೆಯಿರಿ, ಪ್ರತ್ಯಕ್ಷ! ಬಿಸಿಲು ಚೆನ್ನಾಗಿರುವ ದಿನ ಮಾತ್ರ ಹೋಗಿ.

ಊರು ಯಾವುದೆಂದು ಇಷ್ಟರಲ್ಲಿ ಗೊತ್ತಾಗಿರಬೇಕು. ಹಂಪಿ! ವಿರೂಪಾಕ್ಷನ ಗುಡಿ! ಹೊರಗೆ ಒಂಬತ್ತು ನೆಲೆಯ ಗೋಪುರ, ಎತ್ತರ ಸುಮಾರು 50 ಮೀಟರ್. ಅಷ್ಟು ದೊಡ್ಡದು ಒಳಗೆ ಒಂದು ಗೋಡೆಯಲ್ಲಿ ಹಿಡಿಸಿಬಿಟ್ಟಿದೆ! ಬೇಕೆಂದೇ ಮಾಡಿದರೋ, ತಾನಾಗಿ ಆಯಿತೋ, ವಾದ ಮಾಡುವವರು ಮಾಡಲಿ. ನನಗಂತೂ ಆ ಗೋಡೆ ಬಿಟ್ಟು ಕದಲುವ ಮನಸ್ಸಾಗಲಿಲ್ಲ.

ಆದರೆ ಕದಲಲೇಬೇಕು. ರಂಗಮಂಟಪಕ್ಕೆ ಬನ್ನಿ, ಕತ್ತೆತ್ತಿ. ಚಾವಣಿಯ ತುಂಬ ಬಣ್ಣ! ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರಕ್ಕೆ ಗುರಿಯಿಟ್ಟ ಅರ್ಜುನ, ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರು. ಮಂಟಪ ಕಟ್ಟಿಸಿದ್ದು ಕೃಷ್ಣದೇವರಾಯ, 1510ರಲ್ಲಿ, ತನ್ನ ಪಟ್ಟಾಭಿಷೇಕದ ನೆನಪಿಗೆ. ಶಾಸನ ಪಕ್ಕದಲ್ಲೇ ಇದೆ.

ಗುಡಿಯ ಅಡುಗೆಮನೆಗೆ ನೀರು ಎಲ್ಲಿಂದ? ಬಾವಿಯಿಂದ ಎಂದಿರಾ? ತಪ್ಪು! ತುಂಗಭದ್ರೆಯ ನೀರಿಗೇ ಕಾಲುವೆ ಮಾಡಿ ಗುಡಿಯೊಳಕ್ಕೆ ಹರಿಸಿದ್ದಾರೆ. ಹೊಳೆಯೇ ಪಾಕಶಾಲೆಗೆ ಬರುತ್ತದೆ!

ಇನ್ನು ಹೊರಗೆ ಬನ್ನಿ. ಗುಡಿಯೆದುರಿನ ಬೀದಿ ನೇರ ಹೋಗಿ ಎದುರು ಬಸವಣ್ಣನ ಮುಂದೆ ನಿಲ್ಲುತ್ತದೆ. ಅಂದಿನ ವಿಜಯನಗರ ಎಷ್ಟು ದೊಡ್ಡದಿತ್ತು? 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಳತೆಗೆ ಸಿಗದೆ ರೋಮಿನಷ್ಟು ದೊಡ್ಡದು ಎಂದು ಬರೆದಿಟ್ಟ. ಬಜಾರಿನಲ್ಲಿ ವಜ್ರ, ಮಾಣಿಕ್ಯ, ಮುತ್ತು! ಅದಾಗಿ ಅರ್ಧ ಶತಮಾನವೂ ಕಳೆಯಲಿಲ್ಲ, 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗ. ರಾಜಧಾನಿ ಹಾಳು! ಆದರೂ ವಿರೂಪಾಕ್ಷನಿಗೆ ಪೂಜೆ ಇಂದಿಗೂ ನಡೆಯುತ್ತಿದೆ.

ಅರಮನೆ ಆವರಣಕ್ಕೆ ನಡೆಯಿರಿ. ಬಿಸಿಲಿಗೆ ಹೆದರಬೇಡಿ! ಅಲ್ಲೊಂದು ಪುಷ್ಕರಣಿ ಇದೆ. ಶತಮಾನಗಳ ಕಾಲ ಮಣ್ಣಿನಡಿ ಇದ್ದದ್ದು, 1980ರ ದಶಕದ ಉತ್ಖನನದಲ್ಲಿ ಮೇಲೆ ಬಂತು. ನಯವಾದ ಕಪ್ಪು ಕಲ್ಲು. ಅಂಚು ಚೂರೂ ಸವೆದಿಲ್ಲ. ಐದು ಹಂತ, ಪ್ರತಿ ಹಂತಕ್ಕೂ ಗೋಪುರದಾಕಾರದ ಮೆಟ್ಟಿಲ ಸಾಲು, ಕೆಳಗಿಳಿದಂತೆಲ್ಲ ಕಿರಿದಾಗುವ ಚೌಕ.

ಸುಂದರವಾಗಿದೆ ಎಂದು ಫೋಟೊ ಹೊಡೆದು ಹೊರಟುಬಿಡಬೇಡಿ! ಬಗ್ಗಿ ನೋಡಿ. ಕಲ್ಲಿನ ಮೇಲೆ ಏನೋ ಕೆತ್ತಿದ್ದಾರೆ. ದೇವರ ಹೆಸರೇ? ದಾನಿಗಳದೇ? ಅಲ್ಲವೇ ಅಲ್ಲ! ಈ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ, ಎಲ್ಲಿ ಕೂರಬೇಕು ಎಂಬ ಗುರುತು! ಬೇರೆಡೆ ಕೆತ್ತಿ, ಗುರುತು ಹಾಕಿ, ತಂದು ಜೋಡಿಸಿದ ಕೊಳ ಇದು. ಬಿಡಿಭಾಗ ತಂದು ಮಂಚ ಜೋಡಿಸಿದ ಹಾಗೆ! ಸುತ್ತಲಿನ ಬಂಡೆ ಗ್ರಾನೈಟ್, ಕೊಳದ್ದು ಬೇರೆಯೇ ಶಿಲೆ. ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆ ಪಕ್ಕದಲ್ಲೇ ಕಂಬಗಳ ಮೇಲೆ ನಿಂತಿದೆ.

ವಿಠ್ಠಲ ಗುಡಿಯ ಕಲ್ಲಿನ ರಥದ ಬಗ್ಗೆ ಹೆಚ್ಚು ಹೇಳುವುದು ಬೇಡ. ಜೇಬಿನಲ್ಲಿ ಹೊಸ 50 ರೂಪಾಯಿ ನೋಟಿದ್ದರೆ ತಿರುಗಿಸಿ ನೋಡಿ!

ಕೊನೆಯದು ಹೈದರಾಬಾದಿನ ಕೋಠಿಯ ಸುತ್ತಮುತ್ತಲ ಕನ್ನಡಿಗರಿಗಾಗಿ. ಹಂಪಿಗೂ ಕೋಠಿಗೂ ಏನು ನಂಟು? ಹೇಳಿ ನೋಡೋಣ!

ಹಿಂದಿನ ಕೋಠಿ ಮಹಿಳಾ ಕಾಲೇಜಿನ ಆ ಎತ್ತರದ ಕಂಬಗಳ, ಎರಡು ಸಿಂಹಗಳ ಕಟ್ಟಡ ನೋಡಿದ್ದೀರಲ್ಲ? ಅದು ಬ್ರಿಟಿಷ್ ರೆಸಿಡೆನ್ಸಿ. ಕಟ್ಟಿಸಿದವನು ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕಿರ್ಕ್‌ಪ್ಯಾಟ್ರಿಕ್. ಅದಕ್ಕೂ ಮುಂಚೆ, 1800ರಲ್ಲಿ, ನಿಜಾಮನ ಜೊತೆ ಒಪ್ಪಂದ ಕುದುರಿಸಿದವನೂ ಅವನೇ. ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಖರ್ಚಿಗೆಂದು ನಿಜಾಮ ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟ. ಅದರೊಳಗೆ ಹಂಪಿಯೂ ಹೋಯಿತು!

ಇನ್ನೂ ಇದೆ! ಹೊಳೆಯಾಚೆಯ ಆನೆಗೊಂದಿ ನಿಜಾಮನಲ್ಲೇ ಉಳಿಯಿತು. ಈ ದಡ ಕಂಪನಿಯದು, ಆ ದಡ ಹೈದರಾಬಾದಿನದು, ನಡುವೆ ತುಂಗಭದ್ರೆ! ಎರಡೂ ದಡ ಒಂದೇ ರಾಜ್ಯಕ್ಕೆ ಸೇರಲು 1956ರವರೆಗೆ ಕಾಯಬೇಕಾಯಿತು.

ಹಂಪಿ ದೂರದ ಊರು ಎಂದು ಇನ್ನು ಮೇಲೆ ಹೇಳಬೇಡಿ. ರಾತ್ರಿ ಬಸ್ಸು ಹತ್ತಿ ಹೊಸಪೇಟೆಯಲ್ಲಿ ಇಳಿಯಿರಿ, ಅಲ್ಲಿಂದ 13 ಕಿಲೋಮೀಟರ್. ಮಕ್ಕಳನ್ನು ಮರೆಯದೆ ಕರೆದೊಯ್ಯಿರಿ!